ವಿಕಟಕವಿಗೆ ಕಂಪ್ಯೂಟರ್ ‘ಫಾಲ್ಸ್’ ಅಂದಿತು

ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಪತ್ತೆ ಹಚ್ಚುವ ಪ್ರೋಗ್ರಾಂ ಬರೆಯದ ಕಂಪ್ಯೂಟರ್ ವಿದ್ಯಾರ್ಥಿ ಸಿಗುವುದು ಕಷ್ಟ. ಬಿ.ಇ. ಓದುವಾಗ ನಾನೂ ಬರೆದಿದ್ದೆ. ಇಂಗ್ಲಿಷಿನಲ್ಲಿ ‘ಮೇಡಂ’ ಅಂತ ಕೊಟ್ಟು, ‘ಟ್ರೂ’ ಅಂತ ಬಂದದ್ದನ್ನು ರೆಕಾರ್ಡ್ ಬುಕ್ಕಿನಲ್ಲಿ ಬರೆದು, ಸಹಿ ಹಾಕಿಸಿಕೊಂಡು ಮರೆತೂಬಿಟ್ಟಿದ್ದೆ. ಪ್ರೋಗ್ರಾಂ ಓಡಿಸುವ ಮೊದಲೇ ಔಟ್‌ಪುಟ್ ಬರೆದಿಟ್ಟುಕೊಳ್ಳುವವರೂ ಕೆಲವರಿದ್ದರು. ಆ ಕೆಲವರಲ್ಲಿ ನಾನೂ ಒಬ್ಬ.

ಎಂ.ಎಸ್. ಮಾಡಲು ಜರ್ಮನಿಗೆ ಬಂದ ಮೇಲೆ ಅದೇ ಪ್ರೋಗ್ರಾಂ ಮತ್ತೆ ಎದುರಾಯಿತು. ಇಲ್ಲಿ ವಾರಕ್ಕೊಂದು ಹಾಳೆ ಕೊಡುತ್ತಾರೆ, ಅದರಲ್ಲಿ ಮೂರೋ ನಾಲ್ಕೋ ಸಮಸ್ಯೆ. ಆ ವಾರದ ಹಾಳೆಯ ಕೊನೆಯಲ್ಲಿ ‘ನಿಮ್ಮ ನಿಮ್ಮ ಭಾಷೆಯ ಪದ ಕೊಟ್ಟು ನೋಡಿ’ ಎಂದಿತ್ತು. ಇನ್ನೇನು ಕೊಡಲಿ, ‘ವಿಕಟಕವಿ’ ಕೊಟ್ಟೆ. ಬಂದ ಉತ್ತರ: ಫಾಲ್ಸ್.

ತಿರುಗಿಸಿದ್ದನ್ನು ಪ್ರಿಂಟ್ ಮಾಡಿಸಿ ನೋಡಿದರೆ ಮೊದಲಿಗೆ ಒಂದು ಚುಕ್ಕಿ ವೃತ್ತ, ಅದರ ತಲೆ ಮೇಲೆ ಅನಾಥವಾಗಿ ಒಂದು ಗುಡಿಸು, ಆಮೇಲೆ ‘ವಕಟಕಿವ’. ನಮಗೆ ‘ವಿ’ ಒಂದೇ ಅಕ್ಷರ. ಕಂಪ್ಯೂಟರಿಗಾಗಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಪಟ್ಟಿಯಾದ ಯೂನಿಕೋಡ್‌ಗೆ ಅದು ‘ವ’ ಒಂದು, ಗುಡಿಸು ಇನ್ನೊಂದು. ಹೀಗಾಗಿ ಐದಕ್ಷರದ ವಿಕಟಕವಿ ಅದರ ಲೆಕ್ಕದಲ್ಲಿ ಏಳು. ತಿರುಗಿಸಿದಾಗ ಕೊನೆಯ ಗುಡಿಸು ತಲೆಬಾಗಿಲಿಗೆ ಬಂದು ನಿಂತಿತ್ತು, ಹತ್ತಿಕೊಳ್ಳಲು ವ್ಯಂಜನವೇ ಇಲ್ಲದೆ.

ಟ್ಯೂಟರ್ ನಮಗಿಂತ ಎರಡು ವರ್ಷ ದೊಡ್ಡವನು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತವನು ಅರ್ಧ ಗಂಟೆ ಏಳಲಿಲ್ಲ. ಅವರ ಭಾಷೆಯ ‘ಯು’ ಮೇಲಿನ ಎರಡು ಚುಕ್ಕಿಯನ್ನೂ ಯೂನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು: ಇಡಿಯಾಗಿ ಒಂದೇ ಸಂಕೇತ, ಇಲ್ಲವೇ ‘ಯು’ ಬೇರೆ, ಚುಕ್ಕಿ ಬೇರೆ. ಎರಡನೆಯದನ್ನು ತಿರುಗಿಸಿದರೆ ಚುಕ್ಕಿ ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುತ್ತದೆ. ಅದನ್ನು ಮಾಡಿ ತೋರಿಸಿದ ಮೇಲೆ ಕೇಳಿದ, “ನಿಮ್ಮ ಭಾಷೆಯಲ್ಲಿ ಒಂದು ಅಕ್ಷರ ಅಂದರೆ ಯಾವುದು?” ಒಂದನೇ ಕ್ಲಾಸಿನಿಂದ ಕಾಗುಣಿತ ಬರೆದ ನಾನು ತಡವರಿಸಿದೆ.

ಇದೇ ಪ್ರಶ್ನೆಯನ್ನು ಊರಿನ ಲ್ಯಾಬಿನಲ್ಲಿ ಎತ್ತಿದ್ದರೆ “ಮೊದಲು ಲಿಸ್ಟಲ್ಲಿರೋ ಪ್ರೋಗ್ರಾಂ ಮುಗಿಸಪ್ಪಾ” ಅನ್ನುತ್ತಿದ್ದರು. ಬೈಯುವುದು ಸುಲಭ. ಆದರೆ ಲ್ಯಾಬಿನ ತುಂಬ ಹುಡುಗರು, ಮೂರು ಗಂಟೆ ಸಮಯ, ಮೇಲೆ ವೈವಾ ಬೇರೆ. ಪಾಪ ಅವರಾದರೂ ಯಾರ ಗುಡಿಸಿಗೆ ಅಂತ ಅರ್ಧ ಗಂಟೆ ಕೊಟ್ಟಾರು? ನನ್ನ ತಕರಾರು ಅವರ ಮೇಲಲ್ಲ, ನಮ್ಮ ಮೇಲೆ. ಮೂರು ಗಂಟೆ ಕಳೆದ ಮೇಲೆ ಉಳಿದ ದಿನವೆಲ್ಲ ನಮ್ಮದೇ ಇತ್ತಲ್ಲ. ರಾತ್ರಿಯಿಡೀ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ, ಕಿತ್ತು, ಮತ್ತೆ ಹಾಕಿ, ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ಲಿಗೆ ಬಣ್ಣ ಬಳಿದು ಸ್ಕ್ರೀನ್‌ಶಾಟ್ ಹಂಚಿಕೊಂಡೆವು. ಅಷ್ಟು ದಿನದಲ್ಲಿ ಒಮ್ಮೆಯೂ ಆ ಟರ್ಮಿನಲ್ಲಿನಲ್ಲಿ ಕನ್ನಡದ ಒಂದು ಪದ ಹೊಡೆದು ನೋಡಲಿಲ್ಲ. ಕಂಪ್ಯೂಟರ್ ಅಂದರೆ ಇಂಗ್ಲಿಷ್ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನಾವೇ ಅಂದುಕೊಂಡಿದ್ದೆವು.

ಇಲ್ಲಿಯವರು ಹಾಗಲ್ಲ. ಇವರಿಗೆ ಎಸ್‌ಝೆಟ್ ಅಂತ ಒಂದು ಅಕ್ಷರ ಇದೆ, ಯಾವ ಪದದ ಮೊದಲಿಗೂ ಬರುವುದಿಲ್ಲ. ಹೀಗಾಗಿ ಅದರ ದೊಡ್ಡಕ್ಷರ ಬೇಕಾಗುವುದು ಇಡೀ ಪದವನ್ನು ದೊಡ್ಡಕ್ಷರದಲ್ಲಿ ಬರೆದಾಗ ಮಾತ್ರ. ಅಷ್ಟಕ್ಕೇ ಪಟ್ಟು ಹಿಡಿದು 2008ರಲ್ಲಿ ಅದನ್ನು ಯೂನಿಕೋಡ್‌ಗೆ ಸೇರಿಸಿಕೊಂಡರು, 2017ರಲ್ಲಿ ಭಾಷೆಯ ಅಧಿಕೃತ ಕಾಗುಣಿತಕ್ಕೂ. ನಮ್ಮ ಕನ್ನಡವೋ 1991ರ ಮೊದಲ ಆವೃತ್ತಿಯಲ್ಲೇ ಒಳಗೆ ಕೂತಿತ್ತು. ಒಂದು ಕಾಸಿನ ಜಗಳವಿಲ್ಲದೆ ಸಿಕ್ಕಿದ್ದಕ್ಕೋ ಏನೋ, ನಮಗೆ ಅದರ ಬೆಲೆ ಹತ್ತಲಿಲ್ಲ.

ಊರಿನ ಗೆಳೆಯನಿಗೆ ಕನ್ನಡದಲ್ಲಿ ಮೆಸೇಜ್ ಮಾಡಿದರೆ ಬರುವ ಉತ್ತರ: “ಲೋ, ಕಂಗ್ಲಿಷಲ್ಲೇ ಹಾಕೋ, ಇದನ್ನ ಓದೋಕೆ ಟೈಮ್ ಹಿಡಿಯುತ್ತೆ.” ಅವನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ‘ಆಯ್ತು’ವಿಗೆ ಒಂದು ದಿನ ಎರಡು ‘ಎ’, ಇನ್ನೊಂದು ದಿನ ಒಂದೇ, ಮಗದೊಂದು ದಿನ ‘ಟಿ’ ಪಕ್ಕ ಒಂದು ‘ಎಚ್’. ಅದನ್ನು ಓದಲು ನನಗೆ ಹಿಡಿಯುವ ಟೈಮಿನ ಲೆಕ್ಕ ಅವನಿಗೆ ಬೇಡ.

ಕನ್ನಡ ಟೈಪಿಂಗ್ ನಿಧಾನ ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ‘ಎಫ್’ ಒತ್ತಿದರೆ ಒತ್ತಕ್ಷರ ಕೂಡಿಕೊಳ್ಳುತ್ತದೆ, ‘ಡಬ್ಲ್ಯೂ’ ಒತ್ತಿದರೆ ‘ಡ’ ಬರುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ: ‘ಕನ್ನಡ’ ಐದೇ ಒತ್ತಿಗೆ ಮುಗಿಯಿತು. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಏಳು ಬೇಕು. ವ್ಯಂಜನದೊಳಗೇ ‘ಅ’ ಇರುವ ನಮ್ಮ ಲಿಪಿ ಬೆರಳಿಗೆ ಮಾಡುವ ಉಪಕಾರ ಇದು. ಇಲ್ಲಿನ ಕೀಬೋರ್ಡಿನಲ್ಲಿ ‘ವೈ’ ಮತ್ತು ‘ಝಡ್’ ಅದಲುಬದಲು ಇರುವುದರಿಂದ ನಾನು ‘ಯ’ ಬೇಕಾದಾಗ ‘ಝಡ್’ ಅಂತ ಬರೆದಿರುವ ಕೀ ಒತ್ತಬೇಕು; ಎರಡು ವಾರ ಬೈದುಕೊಂಡೆ, ಆಮೇಲೆ ಕೈಗೆ ಹತ್ತಿತು. ಹಾಗೆ ನೋಡಿದರೆ ಹೆಚ್ಚು ಪಾಡು ಇವರದೇ. ಪ್ರೋಗ್ರಾಂನ ಮೀಸೆ ಆವರಣಕ್ಕೆ ಬಲಗಡೆಯ ಆಲ್ಟ್ ಹಿಡಿದು ಏಳನ್ನೂ ಸೊನ್ನೆಯನ್ನೂ ಒತ್ತಬೇಕು.

ಎಲ್ಲದರಲ್ಲೂ ಇವರೇ ಮೇಲು ಅಂತ ಹೇಳುತ್ತಿಲ್ಲ. ಒಮ್ಮೆ ಹಾಸ್ಟೆಲಿನಲ್ಲಿ ತಪ್ಪಿ ಇಡೀ ಡಿಸ್ಕನ್ನೇ ಅಳಿಸಿಕೊಂಡಿದ್ದೆ. ರಾತ್ರಿ ಒಂದಕ್ಕೆ ಅಕ್ಕಪಕ್ಕದ ರೂಮಿನವರೆಲ್ಲ ನನ್ನ ಮಂಚದ ಮೇಲಿದ್ದರು; ಒಬ್ಬೊಬ್ಬನದೂ ಒಂದೊಂದು ಸಲಹೆ, ಅರ್ಧದಷ್ಟು ತಪ್ಪು, ಆದರೂ ಬೆಳಗಾಗುವಷ್ಟರಲ್ಲಿ ಪ್ರಾಜೆಕ್ಟ್ ವಾಪಸ್ ಬಂದಿತ್ತು. ಇಲ್ಲಿ ಪಕ್ಕದ ರೂಮಿನವನನ್ನು ಕೇಳಿದರೆ ಗುರುವಾರ ನಾಲ್ಕಕ್ಕೆ ಅನ್ನುತ್ತಾನೆ. ಗುರುವಾರ ನಾಲ್ಕಕ್ಕೆ ಬಂದೇ ಬರುತ್ತಾನೆ, ಅದು ಬೇರೆ ಮಾತು. ಸೋಮವಾರ ರಾತ್ರಿ ಕೆಟ್ಟದ್ದಕ್ಕೆ ಗುರುವಾರದ ತನಕ ಯಾರು ಕಾಯುತ್ತಾರೆ?

ಇವರಿಂದ ಕಲಿತ ಅಭ್ಯಾಸ ಒಂದೇ: ಗೊಣಗುವ ಬದಲು ಬಗ್ ದಾಖಲಿಸುವುದು, ಅಂದರೆ ತಂತ್ರಾಂಶದ ದೋಷವನ್ನು ಅದನ್ನು ಮಾಡಿದವರಿಗೇ ಬರೆದು ತಿಳಿಸುವುದು. ನಾನು ಬಳಸುವ ಟರ್ಮಿನಲ್ಲಿನಲ್ಲಿ ‘ಸ್ತ್ರೀ’ ಒಡೆದು ಚೆಲ್ಲಾಪಿಲ್ಲಿ ಆಗುತ್ತದೆ. ಟರ್ಮಿನಲ್ ಅಂದರೆ ಚದುರಂಗದ ಮನೆಗಳ ಹಾಗೆ, ಒಂದೊಂದು ಅಕ್ಷರಕ್ಕೆ ಅಳತೆಯ ಮನೆ. ‘ಸ್ತ್ರೀ’ಯಲ್ಲಿ ಆರು ಸಂಕೇತ, ಕಂಪ್ಯೂಟರ್ ಅದನ್ನು ಉಳಿಸಿಡುವ ಯುಟಿಎಫ್-8 ಕ್ರಮದಲ್ಲಿ 18 ಬೈಟ್, ನಮ್ಮ ಬಾಯಿಗೆ ಒಂದೇ ಅಕ್ಷರ. ಬರೆದು ಕಳಿಸಿದೆ. ಹತ್ತು ದಿನಕ್ಕೆ ಉತ್ತರ ಬಂತು: ಸರಿ, ಅದಕ್ಕೆ ಎಷ್ಟು ಮನೆ ಕೊಡಬೇಕು, ಎರಡೋ ಮೂರೋ?

ಕಾಗದದ ಮೇಲೆ ಚೌಕ ಹಾಕಿ ಬರೆದು ನೋಡಿದೆ, ನನಗೆ ಎರಡು ಸಾಕೆನಿಸಿತು. ಫೋಟೋ ತೆಗೆದು ಊರಿನ ಗೆಳೆಯನಿಗೆ ಕಳಿಸಿ ಕೇಳಿದೆ. “ದೀರ್ಘಕ್ಕೆ ಜಾಗ ಬೇಡ್ವೇನೋ? ಮೂರು,” ಅಂದ. ಅಷ್ಟನ್ನೂ ಇಂಗ್ಲಿಷ್ ಅಕ್ಷರದಲ್ಲಿ. ಜಗಳ ಇನ್ನೂ ಮುಗಿದಿಲ್ಲ, ಬಗ್ ತೆರೆದೇ ಇದೆ.