ಲಿಫ್ಟಿಗೆ ಅಂಟಿಸಿದ ಸಂವಿಧಾನ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎರಡೆರಡು ಸಂವಿಧಾನಗಳು ಜಾರಿಯಲ್ಲಿವೆ. ಮೊದಲನೆಯದು ಡೀಡ್ ಆಫ್ ಡಿಕ್ಲರೇಶನ್ ಎಂಬ ಘೋಷಣಾಪತ್ರ ಮತ್ತು ಅದರ ಬೆನ್ನಿಗಿರುವ ಬೈಲಾ, ಅಂದರೆ ಸಂಘದ ನಿಯಮಾವಳಿ. ಬಿಲ್ಡರ್ ಕಡೆಯ ವಕೀಲರು ಬರೆದರು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊಹರು ಬಿತ್ತು, ಓದಿದವರು ಯಾರೂ ಇಲ್ಲ. ಎರಡನೆಯದು ಲ್ಯಾಮಿನೇಶನ್ ಮಾಡಿಸಿಕೊಂಡು ಲಿಫ್ಟಿನೊಳಗೆ ಅಂಟಿಕೊಂಡಿದೆ. ಬಾಲ್ಕನಿಯಲ್ಲಿ ಟವೆಲ್ ಒಣಹಾಕಿದರೆ 500 ರೂಪಾಯಿ ದಂಡ, ಬಾಗಿಲಾಚೆ ಚಪ್ಪಲಿ ಸ್ಟ್ಯಾಂಡ್ ಇಟ್ಟರೆ 500, ಎರಡನೇ ಸಲ ಸಿಕ್ಕಿಬಿದ್ದರೆ 1,000. ಕೆಳಗೆ ಸಹಿಯಿಲ್ಲ, ‘ಬೈ ಆರ್ಡರ್’ ಅಂತಷ್ಟೇ ಇದೆ. ಯಾರ ಆರ್ಡರ್ ಎಂದು ಕೇಳಿದವರ ಮನೆಗೆ ಮರುದಿನ ಪ್ಲಂಬರ್ ಬರುವುದಿಲ್ಲ.

ಈ ಆರ್ಡರ್ ಹೊರಡಿಸುವ ಫ್ಲ್ಯಾಟ್ ಮಾಲೀಕರ ಸಂಘಗಳ ಜಾತಕ ತೆಗೆಸಿದರೆ ಇನ್ನೂ ಸ್ವಾರಸ್ಯ. ಎಷ್ಟೋ ಅಸೋಸಿಯೇಶನ್‌ಗಳು ಹುಟ್ಟಿದ್ದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಆ ಕಾಯ್ದೆ ಇರುವುದು ದಾನಧರ್ಮ, ವಿದ್ಯೆ, ಸಾಹಿತ್ಯ, ಲಲಿತಕಲೆ, ಕ್ರೀಡೆಗಳಂಥವುಗಳ ಏಳಿಗೆಗೆ. ಅಂದರೆ ಸರ್ಕಾರಿ ಕಡತದ ಲೆಕ್ಕದಲ್ಲಿ ನಿಮ್ಮ ಸೆಕ್ರೆಟರಿ ಸಾಹಿತ್ಯ ಸೇವಕರು. ಸೇವೆ ಸುಳ್ಳಲ್ಲ, ರಾತ್ರಿ ಹನ್ನೊಂದಾದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ದಪ್ಪಕ್ಷರದಲ್ಲಿ ಪ್ರಕಟವಾಗುತ್ತಲೇ ಇರುತ್ತದೆ. ವಾಸದ ಫ್ಲ್ಯಾಟುಗಳ ಉಸ್ತುವಾರಿ ಆ ಕಾಯ್ದೆಯ ಉದ್ದೇಶಗಳಲ್ಲಿಲ್ಲ ಎಂದು ಹೈಕೋರ್ಟ್ ಹೇಳಿದ್ದೂ ಆಯಿತು. ಫ್ಲ್ಯಾಟಿನವರಿಗೆಂದೇ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಆದರೆ ಅದರಡಿ ಬರಬೇಕಾದರೆ ಮಾಲೀಕರೆಲ್ಲ ಡಿಕ್ಲರೇಶನ್‌ಗೆ ಒಳಪಡಬೇಕು. ಎಲ್ಲರೂ! ಗಣೇಶನ ಹಬ್ಬಕ್ಕೆ ಪುಳಿಯೋಗರೆಯೋ ಬಿಸಿಬೇಳೆಬಾತೋ ಎಂಬುದಕ್ಕೇ ಒಮ್ಮತವಿಲ್ಲದ ಜಾಗವದು.

ಕುಳಿತು ನಗಬೇಕಾದ ಸಂಗತಿ ಏನೆಂದರೆ, ಎಜಿಎಂನಲ್ಲಿ, ಅಂದರೆ ಸಂಘದ ವಾರ್ಷಿಕ ಸಭೆಯಲ್ಲಿ, ವರ್ಷವರ್ಷವೂ ಪ್ಲಾಸ್ಟಿಕ್ ಕುರ್ಚಿ ಎತ್ತುವವರೆಗೆ ಹೋಗುವ ಜಗಳಗಳಿಗೆ ಉತ್ತರ ಆ ಓದದ ಕಾಯ್ದೆಯೊಳಗೇ ಇದೆ. “ನಾನು ಗ್ರೌಂಡ್ ಫ್ಲೋರು, ಲಿಫ್ಟಿನ ಖರ್ಚು ನಾನ್ಯಾಕ್ರೀ ಕೊಡ್ಲಿ?” ಎಂದು ಯಾರೋ ಎದ್ದು ನಿಲ್ಲುತ್ತಾರೆ. ಕಾಮನ್ ಏರಿಯಾ ಬಳಸುವುದಿಲ್ಲ ಎಂದು ಬಿಟ್ಟುಕೊಟ್ಟ ಮಾತ್ರಕ್ಕೆ ಖರ್ಚಿನ ಪಾಲು ತಪ್ಪುವುದಿಲ್ಲ ಎಂದು 1972ರಲ್ಲೇ ಬರೆದಿಟ್ಟಾಗಿದೆ. ಮೇಂಟೆನೆನ್ಸ್ ಚದರಡಿ ಲೆಕ್ಕವೋ ಮನೆ ಲೆಕ್ಕವೋ ಎಂಬ ಮಹಾಭಾರತಕ್ಕೂ ಅಲ್ಲೇ ತೀರ್ಮಾನ: ಎಲ್ಲರಿಗೂ ಸೇರಿದ ಜಾಗದಲ್ಲಿ ನಿಮ್ಮ ಅವಿಭಜಿತ ಪಾಲು, ಅದೇ ಯುಡಿಎಸ್, ನೂರಕ್ಕೆ ಎಷ್ಟೋ ಖರ್ಚೂ ಅಷ್ಟು. ಆದರೆ ಓದಿಬಿಟ್ಟರೆ ಜಗಳ ಮುಗಿಯುತ್ತದೆ. ಆಮೇಲೆ ಭಾನುವಾರ ಬೆಳಗ್ಗೆ ಅಷ್ಟು ಜನ ರಿಟೈರಾದವರು ಏನು ಮಾಡಬೇಕು?

ಕಮಿಟಿಯವರು ಕಾನೂನೇ ಓದುವುದಿಲ್ಲ ಎಂದರೆ ಪಾಪ ಬಂದೀತು. ವರ್ಷಕ್ಕೆ 20 ಲಕ್ಷ ಮೀರಿ ವಸೂಲು ಮಾಡುವ ಸಂಘದಲ್ಲಿ ತಿಂಗಳ ಮೇಂಟೆನೆನ್ಸ್ 7,500 ರೂಪಾಯಿ ದಾಟಿದರೆ ಶೇ 18 ಜಿಎಸ್‌ಟಿ ಎಂಬುದನ್ನು ಮಾತ್ರ ಅಕ್ಷರ ಬಿಡದೆ ಓದಿಕೊಂಡಿದ್ದಾರೆ. ಅದಕ್ಕೇ ಮೇಂಟೆನೆನ್ಸ್ 7,490ಕ್ಕೆ ಬಂದು ಬ್ರೇಕ್ ಹಾಕುತ್ತದೆ.

ಸಾಕುನಾಯಿಯನ್ನು ಬಹುಮತ ಇದ್ದರೂ ನಿಷೇಧಿಸುವಂತಿಲ್ಲ, ಲಿಫ್ಟ್ ಹತ್ತಬೇಡ ಎನ್ನುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ನಾಯಿಯ ಪರ ನಿಲ್ಲಲು ಒಂದು ಮಂಡಳಿಯಾದರೂ ಇದೆ. ಮನೆಗೆಲಸದ ಅಕ್ಕನ ಪರ ಲಿಫ್ಟಿನ ಮುಂದೆ ನಿಲ್ಲುವವರು ಕಾಣುವುದಿಲ್ಲ. ‘ಸರ್ವಿಸ್ ಲಿಫ್ಟ್ ಮಾತ್ರ’ ಎಂಬ ಬೋರ್ಡಿದೆ. ಅದು ಕೆಟ್ಟರೆ ಹನ್ನೊಂದು ಮಹಡಿ ಮೆಟ್ಟಿಲಿವೆ. ಯಾಕೆ ಎಂದರೆ ಸೆಕ್ಯೂರಿಟಿ ಎನ್ನುತ್ತಾರೆ. ಮಗುವನ್ನು ಅದೇ ಅಕ್ಕನ ಕಂಕುಳಿಗೆ ಕೊಟ್ಟು, ಬೀಗದ ಕೈಯನ್ನೂ ಅವಳಿಗೇ ಒಪ್ಪಿಸಿ ಆಫೀಸಿಗೆ ಓಡುವಾಗ ಸೆಕ್ಯೂರಿಟಿ ಎಲ್ಲಿಗೆ ಹೋಗಿರುತ್ತದೋ! ಬ್ಯಾಚುಲರ್ ಬಾಡಿಗೆದಾರರ ಕಥೆ ಬೇರೆ ಹೇಳಬೇಕಿಲ್ಲ. ಅವರ ಮನೆಗೆ ಹತ್ತು ಗಂಟೆಯ ನಂತರ ನೆಂಟರು ಬಂದರೆ ನೈತಿಕತೆ ಹಾಳು. ಹೊಸದಾಗಿ ಬಾಡಿಗೆಗೆ ಬರುವಾಗ ಅವರಿಂದ ಕಟ್ಟಿಸಿಕೊಳ್ಳುವ ಮೂವ್-ಇನ್ ಚಾರ್ಜು ಹತ್ತು ಗಂಟೆಯ ನಂತರ ಬಂದರೂ ಹಾಳಾಗುವುದಿಲ್ಲ.

ಕಳೆದ ಎಜಿಎಂನಲ್ಲಿ ಹೊಸದಾಗಿ ಮನೆ ಕೊಂಡ ಮೇಡಂ ಒಬ್ಬರು ಎದ್ದು ಬೈಲಾದ ಪ್ರತಿ ಕೇಳಿದರು.

“ಹಾಗೆಲ್ಲ ಕೊಡಕ್ಕಾಗಲ್ಲ ಮೇಡಂ. ಲೆಟರ್ ಬರೀಬೇಕು, ಕಮಿಟಿ ಪಾಸ್ ಮಾಡ್ಬೇಕು.”

“ಹಾಗಂತ ಎಲ್ಲಿದೆ ಸಾರ್?”

“ಬೈಲಾದಲ್ಲೇ ಇದೆ.”

“ಯಾವ ಪುಟ?”

ಸೆಕ್ರೆಟರಿ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಖಜಾಂಚಿಯ ಮುಖ ನೋಡಿದರು. ಖಜಾಂಚಿ ಎದ್ದು, ಕಾಫಿ ಬಂದಿದೆ, ಎಲ್ಲರೂ ತಗೊಳ್ಳಿ ಎಂದರು.