ಕಟ್ಟೆ ಉಂಟು, ಕೂರುವ ಹಾಗಿಲ್ಲ

ಮಂಗಳೂರಿನಲ್ಲಿ ಕಟ್ಟೆಗೆ ಬರವಿಲ್ಲ, ಹೆಸರಿನ ಮಟ್ಟಿಗೆ. ಹಂಪನಕಟ್ಟೆ ಉಂಟು, ಬಿಕರ್ನಕಟ್ಟೆ ಉಂಟು. ಹಂಪನಕಟ್ಟೆಯಲ್ಲಿ ಐದು ನಿಮಿಷ ಕೂತು ತೋರಿಸಿ ನೋಡುವ. ಸಿಟಿ ಬಸ್ಸಿನ ಹಾರ್ನಿಗೇ ಎದ್ದು ಓಡುತ್ತೀರಿ. 2022ರಲ್ಲಿ ಅಲ್ಲಿ ರಸ್ತೆ ಅಗೆದಾಗ ಹಳೆಯ ಬಾವಿಯೊಂದು ಸಿಕ್ಕಿತು. ಕಟ್ಟೆ ಸಿಗಲಿಲ್ಲ.

ಹಾಗಾಗಿ ನಮ್ಮ ಬೀದಿಯವರೇ ಒಂದು ಕಟ್ಟೆ ಕಟ್ಟುವುದೆಂದಾಯಿತು. ಸಂಜೆ ನಾಲ್ಕು ಜನ ಕೂತು ಮಾತಾಡುವ ಜಾಗ, ಅಷ್ಟೇ. ಆದಿತ್ಯವಾರ ಬೆಳಿಗ್ಗೆ ಏಳಕ್ಕೆ ಶ್ರಮದಾನ.

ಏಳಕ್ಕೆ ಬಂದವರು ಆರು ಜನ. ಒಂಬತ್ತಕ್ಕೆ ಗೋಳಿಬಜೆ ಬಂತು, ಮೂವತ್ತೆಂಟು ಜನ ಆದೆವು. ಹಾರೆ ಇದ್ದದ್ದು ಎರಡು. ಇಬ್ಬರು ಅಗೆದರು, ಉಳಿದವರು "ಸ್ವಲ್ಪ ಎಡಕ್ಕೆ" ಎಂದರು. ಫೋಟೋ ತೆಗೆಯುವಾಗ ಮಾತ್ರ ಹಾರೆ ಎಲ್ಲರ ಕೈಗೂ ಹೋಗಿ ಬಂತು. ನಾನೂ ಹಿಡಿದೆ, ಸುಳ್ಳು ಯಾಕೆ ಹೇಳಲಿ.

ಕಟ್ಟಿದ್ದು ಕೆಂಪುಕಲ್ಲಿನಲ್ಲಿ. ಈ ಕಲ್ಲು ನೆಲದಿಂದ ಕಡಿಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ನಮ್ಮ ಸಮಿತಿಯೂ ಅದೇ ಜಾತಿ. ಮೊದಲ ವಾರ "ನೀವು ಹೇಳಿದ ಹಾಗೆ ಮಾರಾಯ್ರೆ" ಎನ್ನುತ್ತಿದ್ದವರು ಲೆಟರ್‌ಹೆಡ್ ಪ್ರಿಂಟಾಗಿ ಬಂದ ದಿನದಿಂದ ಅಲುಗಲಿಲ್ಲ.

ಮಾಡಿಗೆ ಹಂಚು ಹಾಕುವ ಎಂದೆವು. ಬಾಸೆಲ್ ಮಿಷನ್‌ನವರು 1865ರಲ್ಲೇ ಹಂಚಿನ ಕಾರ್ಖಾನೆ ಹಾಕಿದ ಊರಲ್ವಾ ಇದು? ಬಂದದ್ದು ನೀಲಿ ಶೀಟು. ದಾನಿಗಳ ಗೋಡೌನಿನಲ್ಲಿ ಉಳಿದಿತ್ತಂತೆ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಬೀಳುವ ಊರು. ಜೂನ್‌ನಲ್ಲಿ ಆ ಶೀಟಿನ ಅಡಿ ಕೂತರೆ ಪಕ್ಕದವರ ಮಾತನ್ನು ತುಟಿ ನೋಡಿ ಊಹಿಸಬೇಕು.

ಕಟ್ಟೆ ಮುಗಿಯಲು ನಾಲ್ಕು ಆದಿತ್ಯವಾರ ಹಿಡಿಯಿತು. ಅದರ ಮೇಲಿನ ಹೆಸರಿನ ಕಲ್ಲಿಗೆ ಮೂರು ತಿಂಗಳು. ಯಾರ ಹೆಸರು ಮೇಲೆ, ಯಾರದ್ದು ಕೆಳಗೆ, ಯಾರಿಗೆ "ಶ್ರೀ", ಯಾರಿಗೆ "ಶ್ರೀಯುತ". ಒಬ್ಬರ ಇನಿಶಿಯಲ್ ತಪ್ಪಿತೆಂದು ಗ್ರಾನೈಟ್ ಕಿತ್ತು ಹೊಸದು ಹಾಕಿಸಿದರು. ಲೆಕ್ಕ ಓದಿದಾಗ ಗೊತ್ತಾಯಿತು, ಕಟ್ಟೆಗಿಂತ ಆ ಕಲ್ಲಿಗೇ ಜಾಸ್ತಿ ಖರ್ಚು. ಸಿಮೆಂಟ್ ಬೆಂಚುಗಳೂ ಬಂದವು. ಪ್ರತಿ ಬೆಂಚಿನ ಬೆನ್ನ ಮೇಲೆ ಒಬ್ಬೊಬ್ಬ ದಿವಂಗತರು. ನಮ್ಮ ಎದುರುಮನೆ ಅಜ್ಜಿ ಇವತ್ತಿಗೂ ಒರಗುವುದಿಲ್ಲ. "ಸತ್ತವರಿಗೆ ಬೆನ್ನು ತಾಗಿಸುವುದಾ ಮಗ?" ಎನ್ನುತ್ತಾರೆ.

ಉದ್ಘಾಟನೆಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಭಾಷಣ ಎರಡು ಗಂಟೆ. ಅತಿಥಿಗಳು ಕಟ್ಟೆಯ ಮೇಲೆ, ಕಟ್ಟಿದವರು ಬಿಸಿಲಲ್ಲಿ.

ಮರುವಾರವೇ ಬೋರ್ಡು ಬಂತು. ಚಪ್ಪಲಿ ಹಾಕಿ ಹತ್ತಬಾರದು. ಎಲೆ ಅಡಿಕೆ ಉಗುಳಬಾರದು. ಸರಿ, ಒಪ್ಪುವ. ಮಕ್ಕಳು ಆಡಬಾರದು. ಇಸ್ಪೀಟು ಇಲ್ಲ. ರಾಜಕೀಯ ಮಾತಾಡಬಾರದು. ಉಳಿದದ್ದು ಬಂಗುಡೆಯ ರೇಟು, ಮತ್ತೆ ಸೆಕೆ. ಸೆಕೆಯ ಬಗ್ಗೆ ಒಬ್ಬ ಮನುಷ್ಯ ಎಷ್ಟು ಹೊತ್ತು ಮಾತಾಡಿಯಾನು? ಅಧ್ಯಕ್ಷರ ಹತ್ತಿರ ಕೇಳಿದೆ.

"ಸುಮ್ನೆ ಕೂತ್ಕೊಳ್ಳಿ" ಎಂದರು.

ಅದೂ ಜಾಸ್ತಿ ದಿನ ನಡೆಯಲಿಲ್ಲ. ಯಾರೋ ಟೈಲ್ಸಿನ ಮೇಲೆ ಚಹಾ ಚೆಲ್ಲಿದರು. ತುರ್ತು ಸಭೆ ಆಯಿತು, ಸುತ್ತ ಕಬ್ಬಿಣದ ಗ್ರಿಲ್ ಬಂತು, ಗ್ರಿಲ್ಲಿಗೆ ಬೀಗ. ಕೀಲಿಕೈ ಕಾರ್ಯದರ್ಶಿಗಳ ಹತ್ತಿರ, ಕಾರ್ಯದರ್ಶಿಗಳು ಮಗಳ ಬಾಣಂತನಕ್ಕೆಂದು ಹೆಂಡತಿಯ ಜತೆ ಮುಂಬೈಯಲ್ಲಿ. ಗ್ರಿಲ್ಲಿನ ಸಂದಿಯಲ್ಲಿ ನುಸುಳಲು ಬರುವುದು ಬೀದಿಯ ಕಂದು ನಾಯಿಗೆ ಮಾತ್ರ. ನೀಲಿ ಶೀಟಿನ ನೆರಳಲ್ಲಿ ಅದು ದಿನವಿಡೀ ಮಲಗುತ್ತದೆ. ಚಪ್ಪಲಿ ಹಾಕುವುದಿಲ್ಲ, ರಾಜಕೀಯವೂ ಮಾತಾಡುವುದಿಲ್ಲ.

ನಾವು ಕೂರುವುದು ಹೊರಗೆ, ಕೆಲಸ ಮುಗಿದ ಮೇಲೆ ಉಳಿದ ಇಪ್ಪತ್ತು ಕೆಂಪುಕಲ್ಲಿನ ರಾಶಿಯ ಮೇಲೆ. ಸಂಜೆ ಐದಕ್ಕೆ ಅಜ್ಜಿ ಬರುತ್ತಾರೆ, ನಿವೃತ್ತ ಮಾಸ್ಟ್ರು ಬರುತ್ತಾರೆ, ಗೂಡಂಗಡಿಯ ಹುಡುಗ ಚಹಾ ತರುತ್ತಾನೆ. ರಾಜಕೀಯ ಧಾರಾಳವಾಗಿ ನಡೆಯುತ್ತದೆ. ನಿನ್ನೆ ಅಧ್ಯಕ್ಷರು ಬಂದು ನಿಂತರು.

"ಈ ಕಲ್ಲು ಇಲ್ಲಿ ಚಂದ ಕಾಣುವುದಿಲ್ಲ. ತೆಗೆಸಬೇಕು" ಎಂದರು.

"ತೆಗೆಸುವ, ತೆಗೆಸುವ" ಎಂದು ಅಜ್ಜಿ ಸ್ವಲ್ಪ ಆಚೆ ಸರಿದರು. "ಈಗ ಇಲ್ಲಿ ಕೂತ್ಕೊಳ್ಳಿ, ಚಹಾ ಆರಿ ಹೋಗ್ತದೆ."

ಅಧ್ಯಕ್ಷರು ಕೂತರು.