ಘಾಟಿ ಇಳಿದರೆ 99, ಹತ್ತಿದರೆ 66

ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿ ಕೂಟುಪುಳ ಸೇತುವೆಗೆ ಬಂದರೆ ನಮ್ಮ ರಾಜ್ಯ ಮುಗಿಯುತ್ತದೆ. ಅಲ್ಲಿಂದ ಕೇರಳದ ಇರಿಟ್ಟಿ, ಆಮೇಲೆ ತಲಶ್ಶೇರಿ. ಹದಿನೆಂಟು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ನನ್ನ ಕೆಲಸ, ಸಂಸಾರ, ಮಗಳ ಓದು ಎಲ್ಲ ತಲಶ್ಶೇರಿಯಲ್ಲಿ. ಅಕ್ಕನ ಮನೆ, ತೋಟ ಕೊಡಗಿನಲ್ಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಘಾಟಿ ಇಳಿದರೆ ಇರಿಟ್ಟಿ ಪೇಟೆ ಸಿಗುವ ಮೊದಲೇ ಫ್ಲೆಕ್ಸ್‌ಗಳು ಶುರುವಾಗುತ್ತವೆ. ಒಂದೊಂದರಲ್ಲೂ ಅರವತ್ತು, ಎಪ್ಪತ್ತು ಮಕ್ಕಳ ಸ್ಟಾಂಪ್ ಸೈಜಿನ ಫೋಟೊ. ಮೇಲೆ ದೊಡ್ಡದಾಗಿ ‘ಫುಲ್ ಎ ಪ್ಲಸ್’, ಅಂದರೆ ಎಲ್ಲ ವಿಷಯದಲ್ಲೂ ಅತಿ ಮೇಲಿನ ಗ್ರೇಡ್. 2021ರಲ್ಲಿ ಅಂಥದ್ದೊಂದು ಫ್ಲೆಕ್ಸ್‌ನಲ್ಲಿ ನನ್ನ ಮಗಳೂ ಇದ್ದಳು. ಮೂರನೇ ಸಾಲು, ಎಡದಿಂದ ಐದನೆಯವಳು. ಅದರ ಫೋಟೊ ತೆಗೆದು ಊರಿನವರಿಗೆಲ್ಲ ಕಳಿಸಿದ್ದೆ.

ಆಮೇಲೆ ಪ್ಲಸ್ ಒನ್‌ನಲ್ಲಿ (ನಮ್ಮ ಮೊದಲ ಪಿಯುಸಿ) ಸೈನ್ಸ್ ತೆಗೆದುಕೊಂಡಳು. ಮೊದಲ ಪರೀಕ್ಷೆಯಲ್ಲಿ ಫಿಸಿಕ್ಸ್‌ಗೆ ಬಂದದ್ದು 60ಕ್ಕೆ 14. ಆ ರಾತ್ರಿ ಅವಳು ಊಟಕ್ಕೆ ಏಳಲಿಲ್ಲ. ಪಕ್ಕದಲ್ಲಿ ಹೋಗಿ ಕೂತೆ. ‘ಅಪ್ಪ, ನಂಗೆ ಎ ಪ್ಲಸ್ ಬಂದಿತ್ತಲ್ವಾ? ಮತ್ತೆ ಯಾಕೆ ಏನೂ ಅರ್ಥ ಆಗ್ತಿಲ್ಲ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಸೋಮಾರಿ ಅಲ್ಲ. ಕೊರೊನಾ ವರ್ಷ ಇಂತಿಷ್ಟು ಪಾಠ ಓದಿದರೆ ಸಾಕು ಅಂದಿದ್ದರು, ಅಷ್ಟನ್ನು ಚೆನ್ನಾಗಿಯೇ ಓದಿದ್ದಳು. ಉಳಿದ ಪಾಠ ತನಗೆ ಬರುವುದಿಲ್ಲ ಅನ್ನುವ ವಿಷಯವನ್ನೇ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಕೇರಳದಲ್ಲಿ 2020ರಲ್ಲಿ ಫುಲ್ ಎ ಪ್ಲಸ್ ಬಂದವರು 41,906 ಮಕ್ಕಳು. 2021ರಲ್ಲಿ 1,21,318. 2022ರಲ್ಲಿ ಮತ್ತೆ 44,363. ಒಂದೇ ವರ್ಷದಲ್ಲಿ ಮೂರು ಪಟ್ಟು ಆಗಿ, ಮರುವರ್ಷ ಮೂರನೇ ಒಂದಕ್ಕೆ ಇಳಿಯಿತು. ಮಕ್ಕಳ ಓದು ಹೀಗೆ ಏರಿ ಇಳಿಯುವುದಿಲ್ಲ. ಬದಲಾದದ್ದು ಅಳತೆ. ಪಾಸಾಗುವವರ ಲೆಕ್ಕವಂತೂ ಈಗ ವರ್ಷವರ್ಷವೂ ಶೇ 99ರ ಮೇಲೆಯೇ ಇದೆ. 20 ಅಂಕದ ಆಂತರಿಕ ಮೌಲ್ಯಮಾಪನದಲ್ಲಿ ಹೆಚ್ಚು ಕಡಿಮೆ ಎಲ್ಲ ಮಕ್ಕಳಿಗೂ ಪೂರ್ತಿ ಕೊಡುತ್ತಾರೆ. ಪಾಸಿಗೆ ಬೇಕಾದದ್ದು ಒಟ್ಟು 30. ಉಳಿದ 10 ಅಂಕ ಬರೆಯುವ ಪರೀಕ್ಷೆಯ 80ರಲ್ಲಿ ಬಂದರೆ ಆಯ್ತು.

ಆದರೆ ಕೇರಳದವರನ್ನು ಸುಮ್ನೆ ದೂರಲು ನನಗೆ ಮನಸ್ಸಿಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೆಂಚಿನಲ್ಲಿ ನಾಲ್ವರು ಇದ್ದೆವು. ಇಬ್ಬರು ಫೇಲಾದರು. ಒಬ್ಬ ತೋಟದ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ ಹುಡುಗ. ಫಲಿತಾಂಶ ಬಂದ ಮರುದಿನವೇ ಅವನ ಅಪ್ಪ ಅವನನ್ನು ಕಾಫಿ ಗಿಡ ಕಪಾತು ಮಾಡಲು ಕರೆದುಕೊಂಡು ಹೋದರು. ಮತ್ತೆ ಅವನು ಪುಸ್ತಕ ಮುಟ್ಟಲಿಲ್ಲ. ಗಣಿತ ಒಂದರಲ್ಲೇ ಹೋಗಿದ್ದು, ಅದೂ ನಾಲ್ಕು ಅಂಕಕ್ಕೆ. ಲೈನ್ ಮನೆಗಳಲ್ಲಿ, ಆದಿವಾಸಿ ಹಾಡಿಗಳಲ್ಲಿ ಹೀಗೆ ಶಾಲೆ ಬಿಟ್ಟವರನ್ನು ನಾನು ಎಷ್ಟೋ ನೋಡಿದ್ದೇನೆ. ಫೇಲ್ ಅನ್ನುವ ಒಂದು ಮಾತು ಬಡವರ ಮನೆಯಲ್ಲಿ ಬಾಗಿಲು ಹಾಕಿಬಿಡುತ್ತದೆ. ಕೇರಳ 2005ರಲ್ಲಿ ಗ್ರೇಡ್ ಪದ್ಧತಿ ತಂದಿತು. 2008ರ ಹೊತ್ತಿಗೇ ಪಾಸಾದವರು ಶೇ 92 ದಾಟಿದ್ದರು. ಬಾಗಿಲು ಹಾಕದೆ ಮಕ್ಕಳನ್ನು ಮುಂದಿನ ತರಗತಿಗೆ ಕಳಿಸಿದ ಆ ಕೆಲಸವನ್ನು ನಾನು ಈಗಲೂ ಮೆಚ್ಚುತ್ತೇನೆ. ತಪ್ಪಿದ್ದು ಅದರ ನಂತರ. ಪಾಸ್ ಮಾಡುವುದು ಒಂದು, ಬಾರದ್ದನ್ನು ಬರುತ್ತದೆ ಎಂದು ಬರೆದುಕೊಡುವುದು ಇನ್ನೊಂದು. ಎರಡೂ ಕಲಸಿಹೋದವು.

ಈ ಮಾತನ್ನು ಅಲ್ಲಿನವರೇ ಹೇಳಿದರು. 2023ರ ಡಿಸೆಂಬರ್‌ನಲ್ಲಿ ಕೇರಳ ಶಿಕ್ಷಣ ಇಲಾಖೆಯ ನಿರ್ದೇಶಕರು ಒಂದು ಕಾರ್ಯಾಗಾರದಲ್ಲಿ, ಅಕ್ಷರ ಕೂಡಿಸಿ ಓದಲು ಬಾರದ ಮಕ್ಕಳಿಗೂ ಎ ಪ್ಲಸ್ ಸಿಗುತ್ತಿದೆ, ಇದು ಮಕ್ಕಳಿಗೆ ಮಾಡುವ ಮೋಸ ಎಂಬ ಅರ್ಥದಲ್ಲಿ ಮಾತಾಡಿದರು. ಆ ಧ್ವನಿಮುದ್ರಣ ಹೊರಬಂದು ದೊಡ್ಡ ಗಲಾಟೆಯಾಯಿತು. ಸರ್ಕಾರ ಅದು ತನ್ನ ನಿಲುವಲ್ಲ ಅಂದಿತು. ಆದರೂ 2024–25ರಿಂದ ಎಂಟನೇ ತರಗತಿಯಲ್ಲಿ, ಬರೆಯುವ ಪರೀಕ್ಷೆಯಲ್ಲೇ ಪ್ರತಿ ವಿಷಯಕ್ಕೂ ಶೇ 30 ಬರಬೇಕು ಎಂಬ ನಿಯಮ ಬಂತು. ಅಷ್ಟು ಬಾರದ ಮಕ್ಕಳನ್ನು ಫೇಲ್ ಮಾಡಲಿಲ್ಲ. 2025ರ ಏಪ್ರಿಲ್ ರಜೆಯಲ್ಲಿ ಅವರಿಗೆ, ಅವರು ಹಿಂದೆ ಬಿದ್ದ ವಿಷಯಕ್ಕೆ ಮಾತ್ರ, ಮತ್ತೆ ಪಾಠ ಮಾಡಿದರು. ಆಮೇಲೆ ಇನ್ನೊಮ್ಮೆ ಪರೀಕ್ಷೆ. ಈ ನಿಯಮ ವರ್ಷಕ್ಕೊಂದು ತರಗತಿ ಮೇಲೇರಿ ಹತ್ತನೆಯದಕ್ಕೂ ಬರಲಿದೆ ಎಂದು ಆಗ ಹೇಳಿದ್ದರು.

ಈಗ ನಮ್ಮ ಕಡೆ ನೋಡಿ. 2023ರಲ್ಲಿ ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲಿ ಶೇ 83.89 ಪಾಸು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದ ಮೇಲೆ. 2025ರಲ್ಲಿ ಕೃಪಾಂಕ ನಿಲ್ಲಿಸಿದರು. ಮೊದಲ ಪರೀಕ್ಷೆಯಲ್ಲಿ ಪಾಸಾದವರು ಶೇ 66.14. ಕೊಡಗು ಮೇಲಿನ ಜಿಲ್ಲೆಗಳ ಸಾಲಿನಲ್ಲೇ ಇತ್ತು, ಆದರೂ ನಮ್ಮಲ್ಲೂ ಇಳಿಯಿತು. ಕಷ್ಟಪಟ್ಟು ನಿಜ ಏನೆಂದು ಕಂಡುಕೊಂಡಿದ್ದೆವು. ಇನ್ನು ಅದರ ಮೇಲೆ ಕೆಲಸ ಮಾಡಬೇಕಿತ್ತು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಪಾಸಿನ ಗೆರೆಯನ್ನೇ ಶೇ 35ರಿಂದ 33ಕ್ಕೆ ಇಳಿಸಿದರು. ಆಂತರಿಕ ಅಂಕವೂ ಸೇರಿ ಒಟ್ಟು 625ಕ್ಕೆ 206 ಬರಬೇಕು ಅಂದರು. ಘಾಟಿಯ ಕೆಳಗಿನವರು ಗೆರೆ ಮೇಲಕ್ಕೆ ತರುತ್ತಿರುವಾಗ ನಾವು ಕೆಳಕ್ಕೆ ತಂದೆವು. ನನಗೆ ಇದು ತುಂಬಾ ನೋವಿನ ವಿಷಯ.

ಜನವರಿಯಲ್ಲಿ ಕಾಫಿ ಕೊಯ್ಲಿಗೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಮೊದಲ ಸುತ್ತಿನ ರೊಬಸ್ಟಾ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಸ್ಯಾಂಪಲ್ ತೆಗೆದುಕೊಂಡು ವ್ಯಾಪಾರಿಯ ಹತ್ತಿರ ಹೊರಟಿದ್ದರು, ನಾನೂ ಜೊತೆಗೆ ಹೋದೆ. ಅಲ್ಲಿನ ಹುಡುಗ ಮೊದಲು ತೇವ ನೋಡಿದ. ಆಮೇಲೆ ಒಂದಷ್ಟು ಚೆರಿ ತೂಗಿ, ಸಣ್ಣ ಮಿಷನ್ನಿಗೆ ಹಾಕಿ ಸಿಪ್ಪೆ ತೆಗೆದು, ಬೀಜ ಮಾತ್ರ ಮತ್ತೆ ತೂಗಿದ. 50 ಕೆಜಿ ಮೂಟೆಗೆ ಎಷ್ಟು ಕೆಜಿ ಬೀಜ ಬರುತ್ತದೆ ಅನ್ನುವುದೇ ಔಟ್‌ಟರ್ನ್. ಭಾವ 26 ಬರಬಹುದು ಅಂದುಕೊಂಡಿದ್ದರು. ಬಂದದ್ದು 24. ಅವರು ತಕ್ಕಡಿ ಜೊತೆ ಜಗಳ ಮಾಡಲಿಲ್ಲ. ಒಂದು ಹಿಡಿ ಬೀಜ ಅಂಗೈಗೆ ಹಾಕಿಕೊಂಡು ಬೆರಳಲ್ಲಿ ಹರಡಿ ನೋಡಿದರು. ‘ಕಾಯಿ ಜಾಸ್ತಿ ಬಂದಿದೆ. ಆಳು ಸಿಕ್ಕಿದ್ರು ಅಂತ ಹಣ್ಣಾಗೋ ಮೊದ್ಲೇ ಕೊಯ್ಸಿಬಿಟ್ಟೆ’ ಅಂದರು. ಎರಡನೇ ಸುತ್ತಿಗೆ ಹನ್ನೆರಡು ದಿನ ಕಾದರು.

ಅಂಕದಿಂದ ನಮಗೆ ಬೇಕಾದದ್ದು ಇಷ್ಟೇ ಅಲ್ವಾ? ಎಲ್ಲಿ ಕಾಯಿ ಉಳಿದಿದೆ ಎಂದು ಗೊತ್ತಾಗಬೇಕು.

ಅಂಕಕ್ಕೆ ಬೆಲೆ ಹೋದಾಗ ಹೊರೆ ಬೀಳುವುದು ಯಾರ ಮೇಲೆ ಅನ್ನುವುದನ್ನೂ ನೋಡಬೇಕು. 2021ರಲ್ಲಿ ದೆಹಲಿಯ ಹಿಂದೂ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಸೀಟಿಗೆ ಕಟಾಫ್ ನೂರಕ್ಕೆ ನೂರು ಇತ್ತು. ಮರುವರ್ಷದಿಂದ ದೆಹಲಿ ವಿಶ್ವವಿದ್ಯಾಲಯ ಬೋರ್ಡ್ ಅಂಕ ಬಿಟ್ಟು ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಸೀಟು ಕೊಡಲು ಶುರುಮಾಡಿತು. ಎಲ್ಲರೂ ನೂರು ತಂದರೆ ಆರಿಸಲು ಇನ್ನೊಂದು ಪರೀಕ್ಷೆ ಬೇಕೇ ಬೇಕು. ಇನ್ನೊಂದು ಪರೀಕ್ಷೆ ಬಂದರೆ ಅದರ ಹಿಂದೆಯೇ ಕೋಚಿಂಗ್. ಕೊಡಗಿನ ಮಗು ಕೋಚಿಂಗ್‌ಗೆ ಮೈಸೂರಿಗೋ ಮಂಗಳೂರಿಗೋ ಹೋಗಿ ಹಾಸ್ಟೆಲ್‌ನಲ್ಲಿ ಇರಬೇಕು. ತೋಟ ಇರುವವರು ಹೇಗೋ ಕಳಿಸುತ್ತಾರೆ. ಲೈನ್ ಮನೆಯವರ ಕೈಯಲ್ಲಿ ಆಗುತ್ತದಾ? ಸರ್ಕಾರಿ ಶಾಲೆಯ ಅಂಕಪಟ್ಟಿ ಗಟ್ಟಿಯಾಗಿದ್ದಿದ್ದರೆ ಅವರ ಮಗಳಿಗೆ ಅದೊಂದೇ ಸಾಕಿತ್ತು. ಉದಾರವಾಗಿ ಕೊಟ್ಟ ಅಂಕ ಕೊನೆಗೆ ಬಡವರಿಂದಲೇ ಕಿತ್ತುಕೊಳ್ಳುತ್ತದೆ. ಇದನ್ನು ನಾನು ನನ್ನ ಎರಡೂ ಊರುಗಳಲ್ಲಿ ಕಂಡಿದ್ದೇನೆ.

ಅಕ್ಕನ ಮಗ 2025ರಲ್ಲಿ ಮೊದಲ ಪರೀಕ್ಷೆ ಬರೆದು ಗಣಿತದಲ್ಲಿ ಫೇಲಾಗಿದ್ದ. 80ಕ್ಕೆ 19. ಅವನ ಮೇಷ್ಟ್ರು ಉತ್ತರಪತ್ರಿಕೆ ತರಿಸಿಕೊಳ್ಳಲು ಹೇಳಿ, ಪುಟಪುಟವಾಗಿ ಅವನ ಜೊತೆ ಕೂತು ನೋಡಿದರಂತೆ. ಮೇ ತಿಂಗಳಲ್ಲಿ ಐದು ಮಕ್ಕಳಿಗೆ ದಿನಾ ಬೆಳಗ್ಗೆ ಪಾಠ. ಸಂಜೆ ಇಟ್ಟುಕೊಳ್ಳುವ ಹಾಗಿರಲಿಲ್ಲ, ಆ ತೋಟದ ದಾರಿಯಲ್ಲಿ ಕತ್ತಲಾದರೆ ಆನೆ. ಎರಡನೇ ಪರೀಕ್ಷೆಯಲ್ಲಿ 41 ತಂದ. ವರ್ಷಕ್ಕೆ ಮೂರು ಪರೀಕ್ಷೆ ಇಟ್ಟದ್ದು ನಮ್ಮ ಇಲಾಖೆ ಮಾಡಿದ ಒಳ್ಳೆಯ ಕೆಲಸ, ಅದನ್ನು ಹೇಳದೆ ಇರಲಾರೆ. ಆದರೆ ಪರೀಕ್ಷೆಗಳ ನಡುವೆ ಆ ಮೇಷ್ಟ್ರಂಥವರು ಪ್ರತಿ ಶಾಲೆಯಲ್ಲೂ ಬೇಕು. ಅದಕ್ಕೆ ಖಾಲಿ ಹುದ್ದೆ ತುಂಬಬೇಕು, ರಜೆಯ ಪಾಠಕ್ಕೆ ಸಂಬಳ ಕೊಡಬೇಕು. ಗೆರೆ ಇಳಿಸಲು ಒಂದು ಆದೇಶ ಸಾಕು, ಇದಕ್ಕೆ ದುಡ್ಡು ಬೇಕು.

ವ್ಯಾಪಾರಿಯ ಹತ್ತಿರದಿಂದ ಜೀಪಿನಲ್ಲಿ ವಾಪಸ್ ಬರುವಾಗ ಅಕ್ಕನ ಮಗನನ್ನು ಕೇಳಿದೆ, ಈಗ ಗಣಿತ ಹೇಗಿದೆ ಅಂತ. ‘ತ್ರಿಕೋನಮಿತಿ ಇನ್ನೂ ಬರಲ್ಲ ಮಾವ. ಸಮೀಕರಣ ಎಲ್ಲ ಬರುತ್ತೆ, ಬೇಕಾದ್ರೆ ಕೇಳಿ’ ಅಂದ.